ಏಳು ತಿಂಗಳ ದೊರೆಯ ಪುತಳಿ

ಒಂಬತ್ತನೆಯ ಕಂತು: ಎಡಹುರಿ

"ಏ ಹಸೀನಾ, ಅದನ್ಯಾಕ ಬಿಚ್ಚಾಕತ್ತೀ? ಕೈ ತಗಿ ಮದಲ!"

ತಾಯವ್ವ ಕೂಗುವಷ್ಟರಲ್ಲಿ ಪುತಳಿ ಸರದ ಹಿಂಬದಿಯ ಗೊಂಡೆ ಬಿಚ್ಚಿಯಾಗಿತ್ತು. ನಿಡೋಣಿಯ ತಾಯವ್ವನ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ ಹಸೀನಾ, ಕೆಂಪು ರೇಷ್ಮೆ ದಾರದ ತುದಿಯನ್ನು ಕಾಲ ಹೆಬ್ಬೆರಳಿಗೆ ಸುತ್ತಿ ಎಳೆದು ಹಿಡಿದು, ಎರಡು ಬೆರಳ ನಡುವೆ ಮೆಲ್ಲಗೆ ಹೊರಳಿಸುತ್ತಿದ್ದಳು. ಇಪ್ಪತ್ತೊಂದು ಬಂಗಾರದ ನಾಣ್ಯಗಳು ಅವಳ ಮಡಿಲಲ್ಲಿ ಕಿಣಿಕಿಣಿ ಎನ್ನುತ್ತಿದ್ದವು.

"ಹೆದರಬ್ಯಾಡಬೇ. ಮತ್ತ ಕಟ್ಟಿ ಕೊಡತೀನಿ. ಸ್ವಲ್ಪ ಈ ದಾರದ ಕೂಡ ಮಾತಾಡೂದೈತಿ."

"ದಾರ ಮಾತಾಡತೈತೇನು?"

"ಪಟವೇಗಾರರ ಕೂಡ ಮಾತಾಡತೈತಿ. ಪೊಲೀಸರ ಕೂಡ ಮಾತಾಡೂದಿಲ್ಲ."

ಮಾತೇನೋ ದೊಡ್ಡದಾಗಿ ಆಡಿದಳು. ಒಳಗೆ ಎದೆ ಡವಡವ ಎನ್ನುತ್ತಿತ್ತು. ಈ ಸರದ ನಡುವಿನ ಅಸಲಿ ಇಟಲಿ ನಾಣ್ಯ ಮಾಯವಾಗಿ, ಅದರ ಜಾಗದಲ್ಲಿ ಖೊಟ್ಟಿ ನಾಣ್ಯ ಬಂದು ಕೂತು, ಸರ ಪೋಣಿಸಿಕೊಟ್ಟ ತಪ್ಪಿಗೆ ಅವಳ ಅಣ್ಣ ಗೈಬುಸಾಬ ಕಳ್ಳನೆನಿಸಿಕೊಂಡು ಅಂದಿಗೆ ಎಂಟು ದಿನ.

ಎಂಟು ದಿನದಿಂದ ವಿಜಯಪುರದ ಸಿದ್ಧೇಶ್ವರ ಗುಡಿ ಹತ್ತಿರದ ಅವರ ಅಂಗಡಿಯ ಶಟರ್ ಕೆಳಗಿಳಿದಿತ್ತು. ದಾರದಲ್ಲಿ ಒಡವೆ ಪೋಣಿಸಿಕೊಡುವ ಪಟವೇಗಾರರ ಕಸಬೇ ಅಂಥದ್ದು. ಊರ ಹೆಣ್ಣುಮಕ್ಕಳು ಬೋರಮಾಳ, ಪುತಳಿ ಸರ, ತಾಳಿ ಎಲ್ಲವನ್ನೂ ಸೆರಗಿನ ಗಂಟು ಬಿಚ್ಚಿ ಅಂಗಡಿಯ ಗಾದಿಯ ಮೇಲೆ ಸುರಿದು, "ನಾಳೆ ಬರತೀನಿ" ಎಂದು ಹೋಗಿಬಿಡುತ್ತಾರೆ. ರಸೀದಿ ಇಲ್ಲ, ಸಹಿ ಇಲ್ಲ. ಆ ಭರವಸೆ ಒಮ್ಮೆ ಹೋಯಿತೆಂದರೆ ಉಳಿಯುವುದು ದಾರದ ಉಂಡೆ ಮಾತ್ರ. ಮೂವತ್ತು ವರ್ಷದಿಂದ ಬರುತ್ತಿದ್ದ ಗಿರಾಕಿಯೊಬ್ಬಳು ಹಿಂದಿನ ದಿನ ಮನೆಯ ಹೊಸ್ತಿಲು ತುಳಿಯದೆ ಹೊರಗೇ ನಿಂತು ತನ್ನ ಸರ ವಾಪಸ್ ಕೇಳಿದ್ದಳು. ಅದಾದ ಮೇಲೆ ಹಸೀನಾ ಅತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದಳು.

ಪಿಎಸ್‌ಐ ಅಮೋಘಿ ಸಂಜೆಯವರೆಗೆ ಸಮಯ ಕೊಟ್ಟಿದ್ದ. ಸಂಜೆಯ ಮೇಲೆ ಗೈಬುಸಾಬನ ಮೇಲೆ ಕೇಸು.

ದಾರವನ್ನು ಹಸೀನಾ ಮತ್ತೊಮ್ಮೆ ಹೊರಳಿಸಿದಳು. ಒಂದು ಕಡೆ ತಿರುವಿದರೆ ಬಿಗಿಯಾಯಿತು, ಇನ್ನೊಂದು ಕಡೆ ತಿರುವಿದರೆ ಎಳೆಗಳು ಬಿಡಿಬಿಡಿಯಾದವು. ಅವಳ ಕೈ ಅಲ್ಲೇ ನಿಂತಿತು.

"ಅಕ್ಕಾ, ಮಗನ ಲಗ್ನಕ್ಕ ನೀ ಬೋರಮಾಳಾನೂ ಪೋಣಿಸ್ಕೊಂಡಿದ್ದೆಲ್ಲ, ಇದರ ಕೂಡಽ?"

"ಹೌದು. ಒಂದಽ ದಿನ ಕೊಟ್ಟು ಒಂದಽ ದಿನ ತಂದೆ. ಯಾಕ?"

"ತಾ ಇಲ್ಲಿ."

ತಾಯವ್ವ ಕೊರಳಿನಿಂದ ಬೋರಮಾಳ ತೆಗೆದುಕೊಟ್ಟಳು. ಹಸೀನಾ ಅದರ ದಾರವನ್ನೂ ಹಾಗೇ ಹೊರಳಿಸಿ ನೋಡಿದಳು. ಎದೆಯ ಡವಡವ ಈಗ ಬೇರೆ ತರಹದ್ದಾಯಿತು.

"ನೋಡಬೇ, ಕಣ್ಣಿಟ್ಟು ನೋಡು. ಬೋರಮಾಳದ ದಾರ ಎಡಹುರಿ. ನಮ್ಮಣ್ಣ ಎಡಚ. ಎಡಗೈಲೆ ಹುರಿ ಹಾಕತಾನ, ಹುಟ್ಟಿದಾಗಿಂದ ಅವನ ಕೈಗೆ ಬ್ಯಾರೆ ಬರೂದಿಲ್ಲ. ಈ ಪುತಳಿ ಸರದ ದಾರ ಬಲಹುರಿ."

"ಹಂಗಂದ್ರ?"

"ಹಂಗಂದ್ರ ನಮ್ಮಣ್ಣ ನಿನಗ ಸರ ಕೊಟ್ಟ ಮ್ಯಾಲ ಯಾರೋ ಅದನ್ನ ಬಿಚ್ಚಿ ಮತ್ತ ಪೋಣಿಸ್ಯಾರ. ಯಾರ ಕೈಯಾಗ ಹೋಗಿತ್ತು ಹೇಳು."

"ಯಾರ ಕೈಯಾಗೂ ಹೋಗಿಲ್ಲ. ಪೊಲೀಸರಿಗೂ ಅದನ್ನಽ ಹೇಳೇನಿ. ಆಣಿ ಮಾಡಂದ್ರ ಮಾಡತೀನಿ."

ತಾಯವ್ವ ಸುಳ್ಳು ಹೇಳುವ ಹೆಂಗಸಲ್ಲ. ಅದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೆ ದಾರವೂ ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕಿಂತ ತಲೆಬಿಸಿಯ ವಿಷಯ ಇನ್ನೊಂದಿತ್ತು. ಗೊಂಡೆಗೆ ಹಾಕಿದ್ದ ಗಂಟು ಮಾತ್ರ ಗೈಬುಸಾಬನ ಮನೆಯ ಗಂಟೇ. ಆ ಗಂಟನ್ನು ಅವನು ಕಲಿಸಿದ್ದು ಇಬ್ಬರಿಗೆ. ಒಬ್ಬಳು ಹಸೀನಾ. ತಾನು ಕಟ್ಟಿಲ್ಲ ಎಂಬ ಬಗ್ಗೆ ಹಸೀನಾಳಿಗೆ ಸಾಕಷ್ಟು ಖಾತ್ರಿಯಿತ್ತು.

ಇನ್ನೊಬ್ಬ ತಿಕೋಟದಲ್ಲಿದ್ದ.

*

ತಿಕೋಟ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸೈಫುದ್ದೀನನ ಅಂಗಡಿ. ಗುರುವಿನ ತಂಗಿಯನ್ನು ಕಂಡದ್ದೇ ಎದ್ದು ಗಾದಿ ಝಾಡಿಸಿ ಕೂರಿಸಿದ, ಚಹಾಕ್ಕೆ ಹೇಳಿದ. ಅತಿಯಾದ ಮರ್ಯಾದೆ ಕಂಡರೆ ಹಸೀನಾಳಿಗೆ ಮೊದಲಿಂದಲೂ ಅನುಮಾನ.

"ಚಹಾ ಬ್ಯಾಡ. ಒಂದು ಗೊಂಡೆ ಕಟ್ಟಿ ತೋರಸು."

"ಏನಕ್ಕಾ, ಪರೀಕ್ಷಾ ತಗೋಳಾಕ ಬಂದಿಯೇನು?"

"ಹೂಂ. ನಾಪಾಸಾದರ ನಿನ್ನ ಉಸ್ತಾದರ ಹೆಸರು ಕೆಡತೈತಿ."

ಸೈಫುದ್ದೀನ ನಕ್ಕು ದಾರವನ್ನು ಹೆಬ್ಬೆರಳಿಗೆ ಸುತ್ತಿದ. ಬಲಗೈಯಿಂದ ಸರಸರ ಹುರಿ ಹಾಕಿದ, ಗಂಟು ಬಿಗಿದ, ಗೊಂಡೆ ಕತ್ತರಿಸಿದ. ಕೆಲಸ ಚೆಂದವಾಗಿಯೇ ಇತ್ತು. ಹಸೀನಾ ಚೀಲದಿಂದ ತಾಯವ್ವನ ಸರದ ದಾರವನ್ನೂ ಗೊಂಡೆಯನ್ನೂ ತೆಗೆದು ಅದರ ಪಕ್ಕದಲ್ಲಿಟ್ಟಳು. ಅದೇ ಹುರಿ, ಅದೇ ಗಂಟು, ಗೊಂಡೆಯ ತುದಿಯನ್ನು ಓರೆಯಾಗಿ ಕತ್ತರಿಸುವ ಅದೇ ಚಾಳಿ. ಸೈಫುದ್ದೀನನ ನಗು ಅರ್ಧಕ್ಕೇ ನಿಂತಿತು.

"ಅಕ್ಕಾ..."

"ಅಕ್ಕಾ ಗಿಕ್ಕಾ ಆಮ್ಯಾಲ. ಈ ಸರ ನಿನ್ನ ಕಡೆ ಯಾರು ತಂದ್ರು?"

"ಬಬಲೇಶ್ವರದ ಬಸಲಿಂಗಯ್ಯನವರು."

ಬಸಲಿಂಗಯ್ಯ! ತಾಯವ್ವನ ಮನೆತನಕ್ಕೆ ತಲೆಮಾರಿನಿಂದ ಬಂದ ಅಯ್ಯಾರು. ಲಗ್ನ, ಹೆಸರಿಡುವುದು, ಗೃಹಪ್ರವೇಶ ಯಾವುದೂ ಅವರಿಲ್ಲದೆ ನಡೆಯುತ್ತಿರಲಿಲ್ಲ. ಅದು ಹೋಗಲಿ, ಇಟಲಿಯ ಹಳೆಯ ಬಂಗಾರದ ನಾಣ್ಯ ಕೂಡಿಸುವ ಹುಚ್ಚು ಇಡೀ ಜಿಲ್ಲೆಯಲ್ಲಿ ಇದ್ದದ್ದು ಅವರೊಬ್ಬರಿಗೇ. ತಾಯವ್ವನ ಸರದ ನಡುವಿನ ಪುತಳಿ ಅಸಲಿ ವೆನಿಸ್ ನಾಣ್ಯ ಎಂದು ಭೂತಗನ್ನಡಿ ಹಿಡಿದು ಹೇಳಿದವರೂ ಅವರೇ, ಲಗ್ನದ ಚಪ್ಪರದಲ್ಲಿ ಎಲ್ಲರೆದುರು "ಇದು ಖೊಟ್ಟಿ!" ಎಂದು ಕೂಗಿ ತಾಯವ್ವನಿಂದ ದೂರು ಕೊಡಿಸಿದವರೂ ಅವರೇ.

"ಏನಂದು ಕೊಟ್ಟರು?"

"ದಾರ ಹರದೈತಿ, ಲಗ್ನ ಹತ್ತಿರ ಬಂದೈತಿ ಅಂದ್ರು. ಉಸ್ತಾದರ ಗಂಟಽ ಹಾಕು, ಇಲ್ಲಾಂದ್ರ ಅವರ ಹೆಸರಿಗೆ ಕಡಿಮಿ ಅಂದ್ರು. ಖುಷೀಲೆ ಹಾಕಿದೆ."

"ಉಸ್ತಾದರನ್ನ ಠಾಣೆಗೆ ಕರಕೊಂಡು ಹೋಗಿದ್ದು ಕೇಳಿದ್ದಿಲ್ಲೇನು?"

"ಕೇಳಿದ್ದೆ."

"ಬಾಯಾಗ ಏನ ಇಟಗೊಂಡಿದ್ದಿ?"

ಸೈಫುದ್ದೀನ ತಲೆ ತಗ್ಗಿಸಿದ. "ನನ್ನೂ ಹಿಡೀತಾರಂತ ಹೆದರಿದೆ ಅಕ್ಕಾ. ತಪ್ಪಾತು."

ಅವನ ಕಪಾಳಕ್ಕೆ ಬಿಗಿಯಬೇಕೆಂದು ಹಸೀನಾಳ ಕೈ ತುರಿಸಿತು. ಬಿಗಿಯಲಿಲ್ಲ. ಸಂಜೆಗೆ ಇವನು ಬೇಕಿತ್ತು.

"ಹಳೇ ದಾರ ಎಲ್ಲಿ?"

ಗೈಬುಸಾಬನ ಮನೆಯಲ್ಲಿ ಕಲಿತವರು ಹೆಣ್ಣುಮಗಳ ಕೊರಳಲ್ಲಿದ್ದ ದಾರವನ್ನು ಕಸಕ್ಕೆ ಎಸೆಯುವುದಿಲ್ಲ. ಡಬ್ಬಿಯಲ್ಲಿ ಕೂಡಿಟ್ಟು ವರ್ಷಕ್ಕೊಮ್ಮೆ ಹರಿಯುವ ನೀರಿಗೆ ಬಿಡುತ್ತಾರೆ. ಸೈಫುದ್ದೀನ ಬಾಯಿ ಮುಚ್ಚಿಕೊಂಡು ಕೂತಿದ್ದನೇ ಹೊರತು ಪದ್ಧತಿ ಬಿಟ್ಟಿರಲಿಲ್ಲ. ಬಿಸ್ಕೀಟಿನ ಡಬ್ಬಿ ತೆಗೆದು, ತಳದಿಂದ ಒಂದು ಸಣ್ಣ ಕಾಗದದ ಲಕೋಟೆ ಹೊರತೆಗೆದ.

ಲಕೋಟೆಯೊಳಗೆ ಕೆಂಪು ದಾರ. ಎಡಹುರಿ. ಹಳತಾಗಿ ಸವೆದು ಹರಿದದ್ದಲ್ಲ, ಹೊಸ ದಾರವನ್ನು ಬ್ಲೇಡಿನಿಂದ ನಟ್ಟನಡುವೆ ಕತ್ತರಿಸಿದ್ದು.

"ಹರದೈತಿ ಅಂತ ಹೇಳಿದ್ರಲ್ಲ. ಇದು ಹರದದ್ದೇನು?"

"ನಾ ಕೇಳಲಿಲ್ಲಕ್ಕಾ. ಅಯ್ಯಾರನ್ನ ಹೆಂಗ ಕೇಳೂದು? ನಡುವಿನ ಪುತಳಿ ಉದರಿಬಿದ್ದಿತ್ತಂತ, ಅದನ್ನಷ್ಟ ಬ್ಯಾರೆ ಈ ಲಕೋಟ್ಯಾಗ ಇಟ್ಟು ಕೊಟ್ಟಿದ್ದರು. ಪುತಳಿ ಪೋಣಿಸಿ, ಹಳೇ ದಾರ ಅದರಾಗಽ ಹಾಕಿಟ್ಟೆ."

ಹಸೀನಾ ಲಕೋಟೆಯನ್ನು ತಿರುಗಿಸಿದಳು. ಅಂಗೈಯಲ್ಲಿ ಅಡಗುವಷ್ಟು ಚೌಕಾಕಾರದ ಬಿಳಿ ಲಕೋಟೆ, ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಮುತ್ತಿನಂಥ ಅಕ್ಷರ: "ವೆ-೧೪".

ಅಂಗಡಿಯಿಂದ ಇಳಿಯುತ್ತಲೇ ಅವಳು ತಾಯವ್ವನಿಗೆ ಫೋನು ಹಚ್ಚಿದಳು.

"ಅಕ್ಕಾ, ಸರ ಬಸಲಿಂಗಯ್ಯನವರ ಕಡೆ ಹೋಗಿತ್ತೇನು?"

"ಹೋಗಿತ್ತಲ್ಲ. ಲಗ್ನದ ಬಂಗಾರ ಅಯ್ಯಾರ ಮನಿ ದೇವರ ಜಗಲಿ ಮ್ಯಾಲ ಒಂದಿನ ಇಟ್ಟು ತರೂದು ನಮ್ಮ ಪದ್ಧತಿ."

"ಯವ್ವಾ! ಯಾರ ಕೈಯಾಗೂ ಕೊಟ್ಟಿಲ್ಲ ಅಂದಿ!"

"ಅಯ್ಯಾರ ಕೈಯಾಗ ಕೊಡೂದು ಕೊಟ್ಟಂಗೇನು?" ತಾಯವ್ವನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಅದು ದೇವರ ಮುಂದ ಇಟ್ಟಂಗ. ಅದನ್ನ ಯಾರರ ಲೆಕ್ಕಕ್ಕ ಹಿಡೀತಾರೇನು?"

ಬಸ್ ನಿಲ್ದಾಣದ ನಡುವೆ ನಿಂತು ಹಸೀನಾ ಒಬ್ಬಳೇ ಗಟ್ಟಿಯಾಗಿ ನಕ್ಕಳು. ಪಕ್ಕದಲ್ಲಿ ಕಡಲೆ ತಿನ್ನುತ್ತಿದ್ದವನು ಎರಡು ಹೆಜ್ಜೆ ದೂರ ಸರಿದ. ಎಂಟು ದಿನದ ಮೇಲೆ ಬಂದ ನಗು, ಯಾರು ಸರಿದರೇನು! ಮುಂದಿನ ಫೋನು ಪಿಎಸ್‌ಐ ಅಮೋಘಿಗೆ.

"ಸಾಹೇಬರ, ಬಬಲೇಶ್ವರಕ್ಕ ಬರ್ರಿ. ನಮ್ಮಣ್ಣನ್ನೂ ಜೀಪಿನಾಗ ಕರಕೊಂಡು ಬರ್ರಿ. ಅವ ತನ್ನ ಕಿವೀಲೆ ಕೇಳಬೇಕು."

*

ಸಂಜೆ ನಾಲ್ಕಕ್ಕೆ ಬಸಲಿಂಗಯ್ಯನವರ ನಡುಮನೆ ತುಂಬಿತ್ತು. ಹಣೆ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ, ಅರವತ್ತು ದಾಟಿದ ನೆಟ್ಟನೆಯ ಶರೀರ. ಪೊಲೀಸರನ್ನು ಕಂಡು ಅವರೇನೂ ಬೆದರಲಿಲ್ಲ. ಅಮೋಘಿಗೆ ಕುರ್ಚಿ ಕೊಟ್ಟರು, ನಿಡೋಣಿಯಿಂದ ಟಂಟಂ ಆಟೊ ಹಿಡಿದು ಬಂದ ತಾಯವ್ವನಿಗೆ ನೀರು ತರಿಸಿದರು. ಬಾಗಿಲ ಬಳಿ ಸೈಫುದ್ದೀನ ಗೋಡೆಗೆ ಅಂಟಿಕೊಂಡು ನಿಂತಿದ್ದ. ಗೈಬುಸಾಬ ಅವನ ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಎಂಟು ದಿನದಲ್ಲಿ ಅವನ ಗಡ್ಡ ಪೂರ್ತಿ ಬೆಳ್ಳಗಾದಂತೆ ಹಸೀನಾಳಿಗೆ ಕಂಡಿತು.

"ಅಯ್ಯಾರ," ಎಂದಳು ಹಸೀನಾ, "ನಿಮ್ಮ ನಾಣ್ಯದ ಪುಸ್ತಕ ತೋರಸ್ತೀರೇನ್ರಿ? ಕಳದ ಪುತಳಿ ಎಂಥಾದ್ದು ಅಂತ ನಾವೂ ತಿಳಕೊಳ್ಳೂಣು."

ಸಂಗ್ರಹ ತೋರಿಸಿ ಎಂದರೆ ಬೇಡ ಎನ್ನುವ ಸಂಗ್ರಾಹಕ ಇನ್ನೂ ಹುಟ್ಟಿಲ್ಲ. ಬಸಲಿಂಗಯ್ಯನವರ ಕಣ್ಣು ಅರಳಿತು. ಕಪಾಟಿನಿಂದ ದಪ್ಪ ಆಲ್ಬಮ್ ತೆಗೆದು ಮೇಜಿನ ಮೇಲಿಟ್ಟರು. ಪಾರದರ್ಶಕ ಹಾಳೆ, ಹಾಳೆಯ ತುಂಬ ಚೌಕಾಕಾರದ ಕಿಸೆ, ಪ್ರತಿ ಕಿಸೆಯಲ್ಲೂ ಒಂದು ಬಿಳಿ ಲಕೋಟೆ, ಲಕೋಟೆಯ ಮೇಲೊಂದು ಬಂಗಾರದ ಬಿಲ್ಲೆ.

"ಇದು ಫ್ಲಾರೆನ್ಸಿಂದು, ಹೂವಿನ ಮುದ್ರಿ. ಇದು ಜಿನೋವಾದ್ದು, ಕ್ವಾಟಿ ಬಾಗಲಾ ನೋಡ್ರಿ. ಇವು ವೆನಿಸಿನವು. ನಮ್ಮ ಕಡೆ ಪುತಳಿ ಅಂತೇವಲ್ಲ, ಅದರ ಮೂಲ ಇದು."

"ನಾವು ಗಂಡಾ ಹೆಂಡತಿ ನಿಶಾನಿ ಕಂಬ ಹಿಡದು ನಿಂತಾರ ಅಂತಿದ್ವಿ," ಎಂದಳು ತಾಯವ್ವ.

"ಗಂಡಾ ಹೆಂಡತಿ ಅಲ್ಲಬೇ. ಒಬ್ಬವ ಅವರ ಸಂತ. ಮಣಕಾಲೂರಿ ಕುಂತವ ದೊರಿ. ನಿನ್ನ ಪುತಳಿ ಮ್ಯಾಲಿನ ದೊರಿ ಹೆಸರು ಮರಿನೊ ಫಲಿಯೇರೊ. ಏಳು ತಿಂಗಳಷ್ಟ ಆಳಿದ. ರಾಜದ್ರೋಹ ಮಾಡಿದಾ ಅಂತ ಅವನ ಊರವರಽ ಅವನ ತಲಿ ಕಡದರು. ಏಳು ತಿಂಗಳಾಗ ಎಷ್ಟು ನಾಣ್ಯ ಹೊಡಸ್ತಾನ ಹೇಳು. ಹುಡಕಿದರ ಸಿಗೂದಿಲ್ಲ. ಮೂವತ್ತು ವರ್ಷ ಹುಡಕೇನಿ." ಬೆರಳು ಆಲ್ಬಮ್ಮಿನ ಅಂಚನ್ನು ಸವರಿತು. "ಅದು ನನ್ನ ಮನಿಯಿಂದ ಎಂಟು ಮೈಲಿನಾಗ, ಒಬ್ಬಾಕಿ ಒಕ್ಕಲಗಿತ್ತಿ ಕೊರಳಾಗ ಇತ್ತು."

ಹಸೀನಾ ಕೊನೆಯ ಹಾಳೆಯ ನಂಬರಿನ ಪಟ್ಟಿ ಒಮ್ಮೆ ನೋಡಿ ಮತ್ತೆ ಹಿಂದಿನ ಹಾಳೆ ತಿರುವುತ್ತಿದ್ದಳು. ವೆ-೧೧. ವೆ-೧೨. ವೆ-೧೩. ಮುಂದಿನ ಕಿಸೆ ಖಾಲಿ. ಅದರಾಚೆ ವೆ-೧೫.

"ಅಯ್ಯಾರ, ಹದಿನಾಕು ಎಲ್ಲೈತ್ರಿ?"

"ಅದು... ಮಾರಿದೆ."

"ಯಾರಿಗಿ?"

"ಸೊಲ್ಲಾಪುರದ ಒಬ್ಬವನಿಗೆ. ಭಾಳ ದಿನಾ ಆತು."

"ಸೊಲ್ಲಾಪುರಕ್ಕ ಹೋದದ್ದು ತಿಕೋಟದ ಬಿಸ್ಕೀಟ್ ಡಬ್ಬ್ಯಾಗ ಹೆಂಗ ಬಂತ್ರಿ?"

ಅವಳು ಚೀಲದಿಂದ ಲಕೋಟೆ ತೆಗೆದು ಖಾಲಿ ಕಿಸೆಯೊಳಗೆ ಜಾರಿಸಿದಳು. ಅಳತೆ ತಪ್ಪಲಿಲ್ಲ. ಕೆಂಪು ಶಾಯಿಯ ವೆ-೧೪, ಎಡಕ್ಕೆ ವೆ-೧೩, ಬಲಕ್ಕೆ ವೆ-೧೫. ಮೂರೂ ಒಂದೇ ಕೈಯ ಅಕ್ಷರ. ಅಮೋಘಿ ಕುರ್ಚಿಯಿಂದ ಎದ್ದು ಮೇಜಿನ ಮೇಲೆ ಬಾಗಿದ.

"ಆಲ್ಬಮ್ಮಿನ ಕಡೀ ಹಾಳಿ ನೋಡ್ರಿ ಸಾಹೇಬರ. ನಂಬರಿನ ಪಟ್ಟಿ ಐತಿ," ಎಂದಳು ಹಸೀನಾ.

ಬಸಲಿಂಗಯ್ಯನವರು ಕೈ ಅಡ್ಡ ಹಿಡಿಯಲು ನೋಡಿದರು. ಅಮೋಘಿಯ ಕೈ ಮುಂದಾಯಿತು. ಮನೆಗೆ ಬಂದ ಯಾವ ನಾಣ್ಯಕ್ಕೂ, ಒಳ್ಳೆಯದೋ ಕೆಟ್ಟದ್ದೋ, ನಂಬರು ಹಾಕದೆ, ಪಟ್ಟಿಯಲ್ಲಿ ಬರೆಯದೆ ಆ ಮನುಷ್ಯನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆ ಶಿಸ್ತೇ ಅವರಿಗೆ ಮುಳುವಾಯಿತು. ಅಮೋಘಿ ಬೆರಳಿಟ್ಟು ಗಟ್ಟಿಯಾಗಿ ಓದಿದ:

"ವೆ-ಹದಿನಾಲ್ಕು. ಏಳು ತಿಂಗಳ ದೊರೆ. ಮಾಡಿಸಿದ ನಕಲು."

ತಾಯವ್ವ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟಳು.

"ಈ ಹುರಿ ನೋಡ್ರಿ," ಎಂದು ಹಸೀನಾ ಎರಡೂ ದಾರಗಳನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿದಳು. ಈಗ ಅವಳ ದನಿ ಇಡೀ ಓಣಿಗೆ ಕೇಳುವಂತಿತ್ತು, ಕೇಳಲಿ ಎಂದೇ ಅವಳ ಆಸೆ. "ಇದು ನಮ್ಮಣ್ಣ ಪೋಣಿಸಿದ್ದು, ಎಡಹುರಿ, ಬ್ಲೇಡಿನಿಂದ ಕಡದದ್ದು. ಇದು ಸೈಫುದ್ದೀನ ಪೋಣಿಸಿದ್ದು, ಬಲಹುರಿ. ನಡುವ ಒಂದು ದಿನ ಸರ ಇದ್ದದ್ದು ನಿಮ್ಮ ಜಗಲಿ ಮ್ಯಾಲ. ಇಲ್ಲಾ ಅಂತ ಹೇಳ್ರಿ ಅಯ್ಯಾರ. ನಾ ಈಗಿಂದೀಗ ಎದ್ದು ಹೋಗತೀನಿ."

ಬಸಲಿಂಗಯ್ಯನವರು ಕನ್ನಡಕ ತೆಗೆದರು. ಸೈಫುದ್ದೀನನ ಕಡೆ ನೋಡಿದರು, ಆಲ್ಬಮ್ ನೋಡಿದರು, ಕೊನೆಗೆ ತಾಯವ್ವನನ್ನು ಬಿಟ್ಟು ಉಳಿದೆಲ್ಲದರ ಕಡೆ ನೋಡಿದರು.

"ಹೌದು," ಎಂದರು. "ನಾನಽ ತಗದೆ."

ತಾಯವ್ವ ಎದ್ದು ನಿಂತಳು. ಅಯ್ಯಾರನ್ನು ಬೈಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಅವರ ಕಡೆ ತಿರುಗಲೇ ಇಲ್ಲ. ನೆಟ್ಟಗೆ ಬಾಗಿಲ ಬಳಿ ಹೋಗಿ ಗೈಬುಸಾಬನ ಎರಡೂ ಕೈ ಹಿಡಿದುಕೊಂಡಳು.

"ಅಣ್ಣಾ, ನಿನಗ ಕಳ್ಳ ಅಂದೆ. ಚಪ್ಪರದಾಗ ನಾಕು ಮಂದಿ ಮುಂದ ಅಂದೆ. ನಾಳೆ ಅದಽ ನಾಕು ಮಂದಿನ್ನ ಕರಕೊಂಡು ನಿನ್ನ ಅಂಗಡಿಗೆ ಬರತೀನಿ. ಎಲ್ಲಾರ ಮುಂದ ನಿನ್ನ ಕೈಲೆ ಸರ ಪೋಣಿಸ್ಕೋತೀನಿ. ನನ್ನ ಕ್ಷಮಾ ಮಾಡು."

ಗೈಬುಸಾಬ ಅವಳ ಮುಖ ನೋಡದೆ ಬಾಗಿಲಾಚೆ ನೋಡಿದ.

ಅಮೋಘಿ ಟೋಪಿ ಸರಿಮಾಡಿಕೊಂಡ. "ಗೈಬುಸಾಬರ, ಠಾಣೆಗೆ ನೀವು ಇನ್ನ ಬರೂದು ಬ್ಯಾಡ. ಮನಿಗೆ ಹೋಗ್ರಿ." ಆಮೇಲೆ ಹಸೀನಾಳ ಕಡೆ ತಿರುಗಿ, "ನಮ್ಮ ಇಲಾಖೆಗೆ ಬಂದ್ಬಿಡ್ರಿ ನೀವು," ಎಂದ.

"ಪಗಾರ ಕಡಿಮಿ ಐತಿ ಸಾಹೇಬರ, ಬ್ಯಾಡ," ಎಂದಳು ಹಸೀನಾ. ಎಲ್ಲರೂ ನಕ್ಕರು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದಿತ್ತು. ಗೆದ್ದೆ ಎಂಬ ಮಾತು ಎದೆಯೊಳಗೆ ಕುಣಿಯುತ್ತಿತ್ತು. ನಾಳೆ ಬೆಳಗ್ಗೆ ಶಟರನ್ನು ಎಷ್ಟು ಜೋರಾಗಿ ಎತ್ತಬೇಕೆಂದರೆ ಗುಡಿಯ ಓಣಿಯ ಒಂದೊಂದು ಅಂಗಡಿಯವನೂ ಹೊರಗೆ ಬಂದು ನೋಡಬೇಕು. ಹೊಸ್ತಿಲಾಚೆ ನಿಂತ ಆ ಗಿರಾಕಿಯೂ ನೋಡಬೇಕು. ಅಪ್ಪನ ಕಾಲದ ಹೆಸರು, ಅದನ್ನು ಎರಡು ಎಳೆ ದಾರ ಹಿಡಿದು ಎಳೆದು ತಂದಿದ್ದಳು.

"ಅಸಲಿ ನಾಣ್ಯ ತಗೀರಿ ಅಯ್ಯಾರ," ಎಂದ ಅಮೋಘಿ. "ಪಂಚನಾಮೆ ಆಗಬೇಕು."

ಆಗ ಬಸಲಿಂಗಯ್ಯನವರು ನಕ್ಕರು. ಸಿಕ್ಕಿಬಿದ್ದವನ ನಗುವಾಗಿರಲಿಲ್ಲ ಅದು.

"ಸಾಹೇಬರ, ಒಂದು ಮಾತು ವಿಚಾರ ಮಾಡ್ರಿ. ಅಸಲಿ ನಾಣ್ಯ ನನ್ನ ಕೈಗೆ ಬಂದಿದ್ದರ, ಚಪ್ಪರದಾಗ ನಿಂತು ಖೊಟ್ಟಿ ಅಂತ ನಾ ಯಾಕ ಒದರತಿದ್ದೆ? ಯಾರಿಗೂ ಗೊತ್ತಿದ್ದಿಲ್ಲ. ಬಾಯಿ ಮುಚಗೊಂಡು ಕುಂತಿದ್ದರ ತಾಯವ್ವ ಸಾಯೂತನಕ ನನ್ನ ನಕಲೀನ ಹಾಕ್ಕೊಂಡು ಅಡ್ಡಾಡತಿದ್ಲು."

ಹಸೀನಾಳ ಮುಖದ ಮೇಲಿನ ನಗು ಇನ್ನೂ ಆರಿರಲಿಲ್ಲ.

ಅವರು ದೇವರ ಜಗಲಿಯ ಹಿಂದೆ ಕೈಹಾಕಿ ಒಂದು ಪುಟ್ಟ ಬೆಳ್ಳಿಯ ಭರಣಿ ತೆಗೆದು, ಅದರೊಳಗಿನ ನಾಣ್ಯವನ್ನು ಮೇಜಿನ ಮೇಲೆ ಇಟ್ಟರು. ಕೊಂಡಿಯೂ ಇತ್ತು, ಸಂತನೂ ಇದ್ದ, ಮೊಣಕಾಲೂರಿದ ದೊರೆಯೂ ಇದ್ದ.

"ಇದಽ ಆ ಸರದಿಂದ ನಾ ಕಡಕೊಂಡದ್ದು. ತೂಗಿ ನೋಡೇನಿ, ಒರೆಗೆ ಹಚ್ಚಿ ನೋಡೇನಿ. ಬಂಗಾರ ಖರೇ. ಆದರ ಇಟಲಿದಲ್ಲ, ಮೊನ್ನೆ ಮೊನ್ನೆ ನಮ್ಮಽ ಕಡೆ ಠಸ್ಸೆ ಹೊಡದದ್ದು. ನನ್ನ ಖೊಟ್ಟಿ ಇಟ್ಟು ನಾ ಕದ್ದದ್ದೂ ಖೊಟ್ಟಿ. ಲಗ್ನಕ್ಕ ಒಂದು ತಿಂಗಳ ಮದಲ ತಾಯವ್ವನ ಕೊರಳಾಗ ಇದ್ದದ್ದು ಅಸಲಿ, ಈ ಕಣ್ಣೀಲೆ ನೋಡೇನಿ. ನಡುವ ಆ ಸರ ಇದ್ದದ್ದು ಒಂದಽ ಕಡೆ, ಪೋಣಿಸಾಕ ಕೊಟ್ಟಲ್ಲಿ. ಅಲ್ಲಿಂದ ಆ ಅಸಲಿ ನಾಣ್ಯಾನ ಹೊರಗ ತಗಸಾಕ ನನ್ನ ಕೈಲೆ ಆಗಲಿಲ್ಲ. ನಿಮ್ಮ ಕೈಲೆ ಆಗಲಿ ಅಂತ ಒದರಿದೆ."

"ಸುಳ್ಳ!" ಎಂದು ಹಸೀನಾ ಚೀರಿದಳು. "ಸಿಕ್ಕಬಿದ್ದು ಈಗ ಕತಿ ಕಟ್ಟಾಕತ್ಯಾನ! ಸಾಹೇಬರ, ಕೇಳಬ್ಯಾಡ್ರಿ. ಅಣ್ಣಾ, ನೀ ಹೇಳು. ಹೇಳು, ಯಾಕ ಸುಮ್ಮ ನಿಂತಿ?"

ಗೈಬುಸಾಬ ತಾಯವ್ವನ ಕೈಯಿಂದ ತನ್ನ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡ. ಮೇಜಿನ ಬಳಿ ಬಂದ. ಎಡಗೈಯಿಂದ ನಾಣ್ಯ ಎತ್ತಿ, ಬೆಳಕಿಗೆ ಹಿಡಿಯುವ ಗೋಜಿಗೂ ಹೋಗದೆ, ಹೆಬ್ಬೆರಳನ್ನು ಒಮ್ಮೆ ಅದರ ಮೇಲೆ ಆಡಿಸಿ ಮತ್ತೆ ಕೆಳಗಿಟ್ಟ.

ಅಣ್ಣ-ತಂಗಿ ಮನೆಯಲ್ಲಿ ಆಡುತ್ತಿದ್ದುದು ಉರ್ದು. ಅವಳು ಹುಟ್ಟಿದಾಗಿನಿಂದ ಅವನು ಅವಳೊಂದಿಗೆ ಬೇರೆ ಭಾಷೆಯಲ್ಲಿ ಮಾತಾಡಿದವನಲ್ಲ. ಅಂದು ಮಾತ್ರ ಅಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದ.

"ಅಯ್ಯಾರು ಹೇಳೂದು ಖರೇ ಐತಿ, ಹಸೀನಾ. ಇದನ್ನ ಪೋಣಿಸಿದವ ನಾನಽ. ಖೊಟ್ಟಿ ಅಂತ ಗೊತ್ತಿದ್ದಽ ಪೋಣಿಸೇನಿ."